ಮಡ್ಡಿ ಹಾದಿಯ ಸೈಕಲ್: ಏಳು ತಪ್ಪು ಕಲ್ಪನೆ, ಏಳು ಸತ್ಯ

ವಿಜಯಪುರ ಜಿಲ್ಲೆಗೆ ಸೈಕಲ್ ಹೊಸದಲ್ಲ. ನಗರದಲ್ಲಿ ಸೈಕ್ಲಿಂಗ್ ಕ್ರೀಡಾ ವಸತಿ ನಿಲಯವಿದೆ. ಈ ನೆಲದ ಹುಡುಗ ಹುಡುಗಿಯರು ರಸ್ತೆ ಮತ್ತು ಟ್ರ್ಯಾಕ್ ಸ್ಪರ್ಧೆಗಳಲ್ಲಿ ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ ಮೇಲಂತೂ ಹಳ್ಳಿಯ ಸಾಮಾನ್ಯ ಮನೆಗಳಿಗೂ ಸೈಕಲ್ ಬಂತು. ಅದನ್ನು ನಡೆಸುವ, ನೋಡಿಕೊಳ್ಳುವ ರೂಢಿಯೂ ಜೊತೆಗೇ ಬೆಳೆಯಿತು: ಹವಾ ಗಟ್ಟಿ ಇರಲಿ, ಚೈನಿಗೆ ಎಣ್ಣೆ ತುಂಬ ಇರಲಿ, ಹಿಂದಿನ ಬ್ರೇಕ್ ಹಿಡಿ.

ಊರಿನಿಂದ ಶಾಲೆಗೆ ಹೋಗುವ ಡಾಂಬರು ರಸ್ತೆಗೆ ಈ ರೂಢಿ ನಡೆಯುತ್ತದೆ. ಆದರೆ ತಿಕೋಟಾ ದಾಟಿ ಮಹಾರಾಷ್ಟ್ರದ ಗಡಿಯತ್ತ ಸಾಗಿ, ಕಳ್ಳಕವಟಗಿ, ಘೋಣಸಗಿ, ಬಾಬಾನಗರದ ಕಡೆಯ ಹೊಲದ ಹಾದಿಗೆ ಇಳಿದರೆ ಲೆಕ್ಕವೇ ಬೇರೆ. ದ್ರಾಕ್ಷಿ ತೋಟ, ಮಣೂಕದ ಶೆಡ್ಡು ದಾಟಿದರೆ ಗರಸಿನ ಮಡ್ಡಿ, ಹಳ್ಳದ ದಂಡೆ, ಜಾಲಿಯ ಮುಳ್ಳು. ತಗ್ಗಿನಲ್ಲಿ ಕಪ್ಪು ಎರಿ ಹೊಲ. ಎಂಟಿಬಿ, ಅಂದರೆ ಮೌಂಟನ್ ಬೈಕ್, ಹುಟ್ಟಿದ್ದೇ ಇಂಥ ಹಾದಿಗಾಗಿ. ಗದಗದಲ್ಲಿ ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಷಿಪ್ ನಡೆದಿದೆ. ನಮ್ಮ ಮಡ್ಡಿಯಲ್ಲೂ ಒಳ್ಳೆಯ ಸವಾರರು ತಯಾರಾಗಬಲ್ಲರು. ಅದಕ್ಕೆ ಅಡ್ಡಿಯಾಗಿರುವುದು ಬರೀ ದುಡ್ಡಿನ ಕೊರತೆಯಲ್ಲ. ರಸ್ತೆಯ ರೂಢಿಯನ್ನು ಮಡ್ಡಿಗೂ ಒಯ್ಯುವುದು, ಅಂಗಡಿಯಲ್ಲಿ ಕಣ್ಣಿಗೆ ಕಂಡದ್ದನ್ನೇ ನಂಬಿ ಕೊಳ್ಳುವುದು ಅದಕ್ಕಿಂತ ದೊಡ್ಡ ಅಡ್ಡಿ. ಅಂಥ ಏಳು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

1. "ಹವಾ ಗಟ್ಟಿ ಹೊಡದ್ರ ಮುಳ್ಳು ಚುಚ್ಚಂಗಿಲ್ಲ, ಗಾಡಿ ಹಗುರ ಓಡತೈತಿ"

ಸತ್ಯ: ಜಾಲಿ ಮುಳ್ಳಿಗೆ, ನೆಗ್ಗಿಲ ಮುಳ್ಳಿಗೆ ಹವಾ ಎಷ್ಟಿದೆ ಎಂಬುದು ಲೆಕ್ಕಕ್ಕೇ ಇಲ್ಲ. ಟೈರ್ ಗಟ್ಟಿಯಿದ್ದರೂ ಅದು ಒಳಗೆ ಹೋಗುತ್ತದೆ. ಇನ್ನು ಹಗುರ ಓಡುವ ಮಾತು. ನುಣುಪು ರಸ್ತೆಯಲ್ಲಿ ಅದು ನಿಜ. ಮಡ್ಡಿಯಲ್ಲಿ ಗಟ್ಟಿ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ, ಸೈಕಲ್ಲನ್ನೂ ಸವಾರನನ್ನೂ ಎತ್ತಿ ಹಾಕುತ್ತದೆ. ಮುಂದೆ ಒಯ್ಯಬೇಕಾದ ಶಕ್ತಿ ಹೀಗೆ ಮೇಲೆ ಕೆಳಗೆ ಕುಣಿಯುವುದರಲ್ಲೇ ಕಳೆದುಹೋಗುತ್ತದೆ. ಸ್ವಲ್ಪ ಮೆತ್ತಗಿನ ಟೈರು ಕಲ್ಲನ್ನು ತನ್ನೊಳಗೆ ನುಂಗಿಕೊಂಡು ಉರುಳುತ್ತದೆ, ನೆಲವನ್ನೂ ಹೆಚ್ಚು ಹಿಡಿಯುತ್ತದೆ.

ಟೈರಿನ ಬದಿಯಲ್ಲಿ ಅಚ್ಚಾದ ದೊಡ್ಡ ಅಂಕಿ ತಡೆಯಬಲ್ಲ ಗರಿಷ್ಠ ಮಿತಿಯೇ ಹೊರತು ಹಾಕಬೇಕಾದ ಹವಾ ಅಲ್ಲ. 60-65 ಕಿಲೋ ತೂಕದ ಸವಾರ, 2.2 ಅಥವಾ 2.3 ಇಂಚಿನ ಟೈರು ಎಂದುಕೊಂಡರೆ, ಟ್ಯೂಬ್ ಇದ್ದಾಗ ಮುಂದೆ 26-28, ಹಿಂದೆ 28-30 ಪಿಎಸ್‌ಐಯಿಂದ ಶುರುಮಾಡಬಹುದು. ಟ್ಯೂಬ್‌ಲೆಸ್ ಆದರೆ ಮುಂದೆ 20-22, ಹಿಂದೆ 23-25 ಸಾಕು. ಟೈರಿನ ಮೇಲೆ ಕನಿಷ್ಠ ಮಿತಿ ಬರೆದಿದ್ದರೆ ಅದಕ್ಕಿಂತ ಕೆಳಗೆ ಇಳಿಸಬಾರದು. ಪಂಚರ್ ಅಂಗಡಿಯ ಕಂಪ್ರೆಸರ್‌ನಲ್ಲಿ ಇಷ್ಟು ಸೂಕ್ಷ್ಮವಾಗಿ ಹವಾ ತುಂಬುವುದು ಕಷ್ಟ. ಮೀಟರ್ ಇರುವ ಕೈಪಂಪು ಮನೆಯಲ್ಲಿರಲಿ.

ಪಂಚರ್ ಆದಾಗ ಟ್ಯೂಬ್ ಬಿಚ್ಚಿ ನೋಡಿ, ಕಾರಣವನ್ನು ಅದೇ ಹೇಳುತ್ತದೆ. ಹೊರಮೈಯಲ್ಲಿ ಒಂದೇ ಸಣ್ಣ ತೂತಿದ್ದರೆ ಅದು ಮುಳ್ಳು. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆಲ್ಲ ಹತ್ತಿಯ ಉಂಡೆ ಸವರಿ. ಮುರಿದ ಮುಳ್ಳಿನ ತುದಿ ಇದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಒಂದರ ಪಕ್ಕ ಒಂದು, ಎರಡು ಉದ್ದ ಸೀಳು ಕಂಡರೆ ಅದು ಮುಳ್ಳಲ್ಲ: ಹವಾ ಅತಿಯಾಗಿ ಕಮ್ಮಿಯಾಗಿ, ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಜಜ್ಜಿಹೋಗಿದೆ. ಆಗ ಒಂದೆರಡು ಪಿಎಸ್‌ಐ ಏರಿಸಬೇಕು. ಮುಳ್ಳಿಗೆ ನಿಜವಾದ ಮದ್ದೆಂದರೆ ಟ್ಯೂಬ್‌ಲೆಸ್ ಟೈರಿನೊಳಗಿನ ಸೀಲಂಟ್. ತೂತು ಬಿದ್ದ ಕೂಡಲೇ ಅದು ಹರಿದು ಬಂದು ಮುಚ್ಚಿಕೊಳ್ಳುತ್ತದೆ. ನಮ್ಮ ಬೇಸಿಗೆಯಲ್ಲಿ ಅದು ಬೇಗ ಒಣಗುವುದರಿಂದ ಎರಡು ತಿಂಗಳಿಗೊಮ್ಮೆಯಾದರೂ ನೋಡಿ ತುಂಬಿಸಬೇಕು.

2. "ಎರಡೂ ಕಡೆ ಶಾಕಪ್ ಇದ್ದದ್ದ ತಗೋರಿ, ಮಡ್ಡಿಗೆ ಅದ ಛೊಲೊ"

ಸತ್ಯ: ಒಳ್ಳೆಯ ಡಬಲ್ ಶಾಕಪ್ ಸೈಕಲ್ ನಿಜಕ್ಕೂ ಒಳ್ಳೆಯದೇ, ಆದರೆ ಅದರ ಬೆಲೆ ಲಕ್ಷ ಮೀರುತ್ತದೆ. ಕಡಿಮೆ ಬೆಲೆಯದರಲ್ಲಿ ಹಿಂದೆ ಇರುವುದು ಬರೀ ಒಂದು ಸ್ಪ್ರಿಂಗ್. ಅದಕ್ಕೆ ಹಿಂದಕ್ಕೆ ಮರಳುವ ವೇಗವನ್ನು ತಡೆಯುವ ಎಣ್ಣೆಯ ವ್ಯವಸ್ಥೆ ಇರುವುದಿಲ್ಲ. ಏರಿನಲ್ಲಿ ತುಳಿದಾಗಲೆಲ್ಲ ಅದು ಕುಗ್ಗುತ್ತದೆ, ತುಳಿದ ಬಲದ ಒಂದು ಪಾಲು ಅಲ್ಲೇ ಹೋಗುತ್ತದೆ. ಕೀಲುಗಳು ಬೇಗ ಸಡಿಲಾಗುತ್ತವೆ, ತೂಕವೂ ಏರುತ್ತದೆ. ಅದೇ ದುಡ್ಡಿಗೆ ಮುಂದೆ ಮಾತ್ರ ಶಾಕಪ್ ಇರುವ ಸೈಕಲ್ ಕೊಂಡರೆ ಫ್ರೇಮು, ಬ್ರೇಕು, ಗಾಲಿ ಎಲ್ಲವೂ ಒಂದು ಮೆಟ್ಟಿಲು ಮೇಲಿನವು ಸಿಗುತ್ತವೆ. ಕಳ್ಳಕವಟಗಿಯ ಸುತ್ತಿನ ಹಾದಿಗೆ ಮುಂದೆ 100ರಿಂದ 120 ಮಿಲಿಮೀಟರ್ ಇಳಿಯುವ ಶಾಕಪ್ ಧಾರಾಳವಾಯಿತು.

ಹವಾ ತುಂಬುವ ಶಾಕಪ್ ಆದರೆ ಇನ್ನೂ ಒಳ್ಳೆಯದು, ಏಕೆಂದರೆ ಅದನ್ನು ಸವಾರನ ತೂಕಕ್ಕೆ ಹೊಂದಿಸಬಹುದು. ಶಾಕಪ್ಪಿನ ನುಣುಪು ಕಂಬದ ಮೇಲೆ ರಬ್ಬರ್ ಉಂಗುರವಿರುತ್ತದೆ. ಇಲ್ಲದಿದ್ದರೆ ಒಂದು ಸಣ್ಣ ಕೇಬಲ್ ಟೈ ಕಟ್ಟಿ. ಅದನ್ನು ಕೆಳಕ್ಕೆ ಸರಿಸಿ, ಗೋಡೆ ಹಿಡಿದು ಮೆಲ್ಲಗೆ ಸೈಕಲ್ ಹತ್ತಿ, ಓಡಿಸುವಾಗ ನಿಲ್ಲುವ ಹಾಗೆ ಪೆಡಲ್ ಮೇಲೆ ನಿಂತು, ಮತ್ತೆ ಮೆಲ್ಲಗೆ ಇಳಿಯಿರಿ. 100 ಮಿಲಿಮೀಟರ್ ಶಾಕಪ್ಪಿನಲ್ಲಿ ಉಂಗುರ ಸುಮಾರು 20 ಮಿಲಿಮೀಟರ್ ಮೇಲೇರಿದ್ದರೆ ಸರಿ. ಹೆಚ್ಚು ಏರಿದ್ದರೆ ಹವಾ ಹಾಕಿ, ಕಡಿಮೆ ಏರಿದ್ದರೆ ಸ್ವಲ್ಪ ಹವಾ ಹೊರಬಿಡಿ. ಕಾಸು ಖರ್ಚಿಲ್ಲದ ಈ ಹೊಂದಾಣಿಕೆಯಿಂದ ಸೈಕಲ್ಲಿನ ನಡತೆಯೇ ಬದಲಾಗುತ್ತದೆ.

3. "ಗೇರ್ ಎಷ್ಟ್ ಜಾಸ್ತಿ, ಗಾಡಿ ಅಷ್ಟ್ ಛೊಲೊ"

ಸತ್ಯ: 21 ಗೇರ್ ಎಂದರೆ ಮುಂದೆ ಮೂರು ಪಲ್ಲೆ (ಹಲ್ಲಿನ ಚಕ್ರ), ಹಿಂದೆ ಏಳು. ಗುಣಿಸಿದರೆ 21 ಬರುತ್ತದೆ, ಆದರೆ ಅವುಗಳಲ್ಲಿ ಎಷ್ಟೋ ಗೇರುಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಏರಿನಲ್ಲಿ ಬೇಕಾದದ್ದು ಸಂಖ್ಯೆಯಲ್ಲ, ಅತಿ ಹಗುರಾದ ಒಂದು ಗೇರು. ಲೆಕ್ಕ ಹಾಕಿ ನೋಡಿ: 21 ಗೇರಿನದರಲ್ಲಿ ಮುಂದಿನ ಸಣ್ಣ ಪಲ್ಲೆಗೆ 28 ಹಲ್ಲು, ಹಿಂದಿನ ದೊಡ್ಡ ಪಲ್ಲೆಗೆ 28 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಗಾಲಿಯೂ ಒಂದು ಸುತ್ತು. ಮುಂದೆ ಒಂದೇ ಪಲ್ಲೆ, ಅದಕ್ಕೆ 32 ಹಲ್ಲು, ಹಿಂದಿನ ದೊಡ್ಡ ಪಲ್ಲೆಗೆ 46 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಗಾಲಿ ಮುಕ್ಕಾಲು ಸುತ್ತೂ ತಿರುಗುವುದಿಲ್ಲ. ಅಷ್ಟು ಹಗುರ. 21 ಗೇರಿನದಕ್ಕಿಂತ ಈ ಹತ್ತು ಹನ್ನೊಂದು ಗೇರಿನ ಸೈಕಲ್ಲೇ ಕಲ್ಲಿನ ಏರನ್ನು ಸುಲಭವಾಗಿ ಹತ್ತುತ್ತದೆ. ಚೈನನ್ನು ಪಲ್ಲೆಯಿಂದ ಪಲ್ಲೆಗೆ ಸರಿಸುವ ಮುಂದಿನ ಡಿರೇಲರ್, ಅದರ ವೈರು, ಎಡಗೈಯ ಶಿಫ್ಟರ್ ಇಲ್ಲದ್ದರಿಂದ ಕೆಡುವ ಭಾಗವೂ ಕಡಿಮೆ.

ಕೊಳ್ಳುವಾಗ ಇನ್ನೊಂದನ್ನು ಕೇಳಿ: ಹಿಂದಿನ ಹಬ್ ತಿರುಪಿ ಕೂರಿಸುವ ಫ್ರೀವೀಲ್‌ನದೋ, ಕ್ಯಾಸೆಟ್‌ನದೋ? ಫ್ರೀವೀಲ್ ಹಬ್ಬಿನಲ್ಲಿ ಬೇರಿಂಗು ಒಳಗಡೆ ಇರುವುದರಿಂದ ಎಕ್ಸೆಲ್ಲಿನ ಬಲತುದಿಗೆ ಆಸರೆ ಕಡಿಮೆ. ಒಡ್ಡಿನಿಂದ ಇಳಿಯುವಾಗ ಬೀಳುವ ಪೆಟ್ಟಿಗೆ ಅದು ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಮಡ್ಡಿಗೆ ಕ್ಯಾಸೆಟ್ ಹಬ್ಬೇ ಸರಿ.

4. "ಮುಂದಿನ ಬ್ರೇಕ್ ಹಿಡದ್ರ ಮಕಾಡೆ ಬೀಳ್ತಿ"

ಸತ್ಯ: ಬ್ರೇಕ್ ಹಿಡಿದಾಗ ಸವಾರನ ಭಾರ ಮುಂದಕ್ಕೆ ಬರುತ್ತದೆ. ಆಗ ನೆಲವನ್ನು ಒತ್ತಿ ಹಿಡಿದಿರುವುದು ಮುಂದಿನ ಗಾಲಿ, ಆದ್ದರಿಂದ ನಿಲ್ಲಿಸುವ ಹೆಚ್ಚಿನ ಬಲವೂ ಅಲ್ಲೇ. ಹಿಂದಿನದನ್ನಷ್ಟೇ ಹಿಡಿದರೆ ಗರಸಿನ ಮೇಲೆ ಗಾಲಿ ಜಾರಿಕೊಂಡೇ ಹೋಗುತ್ತದೆ. ಬೀಳುವುದು ಗಾಬರಿಯಲ್ಲಿ ಇಡೀ ಅಂಗೈಯಿಂದ ಒಮ್ಮೆಲೇ ಒತ್ತಿದಾಗ, ಇಲ್ಲವೇ ತಿರುವಿನ ನಡುವೆ ಹಿಡಿದಾಗ. ಒಂದೇ ಬೆರಳು ಇಡಿ, ಸೊಂಟವನ್ನು ಸೀಟಿನ ಹಿಂದಕ್ಕೆ ತನ್ನಿ, ಬಲವನ್ನು ಮೆಲ್ಲಗೆ ಏರಿಸಿ. ತಿರುವಿಗೆ ಮೊದಲೇ ನೇರ ಹಾದಿಯಲ್ಲಿ ವೇಗ ಇಳಿಸಿಕೊಳ್ಳಿ.

ಎಂಟಿಬಿ ಆಟ ಹುಟ್ಟಿದಾಗಲೇ ಬ್ರೇಕಿನ ಪಾಠವೂ ಹುಟ್ಟಿತು. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಗೆಳೆಯರು ಹಳೆಯ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಗುಡ್ಡ ಇಳಿಯುವ ಪಂದ್ಯ ಆರಂಭಿಸಿದರು. ಹಿಂದಿನ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಪ್ರತಿ ಸಲ ಬಿಚ್ಚಿ ಗ್ರೀಸು ತುಂಬಬೇಕಿತ್ತು. ಹಾಗಾಗಿಯೇ ಆ ಪಂದ್ಯಕ್ಕೆ ರೀಪ್ಯಾಕ್ ಎಂಬ ಹೆಸರು ಬಂತು. ಆ ಬಳಗದ ಜೋ ಬ್ರೀಜ್ 1977ರಲ್ಲಿ ಈ ಆಟಕ್ಕೆಂದೇ ಹೊಸ ಫ್ರೇಮ್ ಕಟ್ಟಿದರು. ಇಪ್ಪತ್ತು ವರ್ಷದೊಳಗೆ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಇದು ಪದಕದ ಸ್ಪರ್ಧೆಯಾಯಿತು.

ದುಡ್ಡು ಹೊಂದುವುದಾದರೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಕೊಳ್ಳಿ. ಬೆರಳಿಗೆ ದಣಿವಿಲ್ಲ, ಬಲ ಹದವಾಗಿ ಸಿಗುತ್ತದೆ. ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್ ಮಾತ್ರ. ಬೈಕಿನ ಡಾಟ್ ಬ್ರೇಕ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಕೆಟ್ಟುಹೋಗುತ್ತವೆ. ಇಲ್ಲವೆಂದರೆ ವೈರಿನ ಡಿಸ್ಕ್ ಬ್ರೇಕೂ ಸಾಕು, ಆಗಾಗ ವೈರು ಬಿಗಿ ಮಾಡಬೇಕು, ಅಷ್ಟೇ.

5. "ಬೆಳಿಯೋ ಹುಡುಗ, ಒಂದ್ ಸೈಜ್ ದೊಡ್ಡದ ಇರ್ಲಿ"

ಸತ್ಯ: ಅಂಗಿಯ ವಿಷಯದಲ್ಲಿ ಇದು ಜಾಣತನ, ಮಡ್ಡಿಯ ಸೈಕಲ್ ವಿಷಯದಲ್ಲಿ ಅಪಾಯ. ಕಲ್ಲಿನ ನಡುವೆ ತಟ್ಟನೆ ಇಳಿಯಬೇಕಾದಾಗ ಫ್ರೇಮಿನ ಮೇಲಿನ ಕೊಳವೆಗೂ ತೊಡೆಸಂದಿಗೂ ಕನಿಷ್ಠ 5 ಸೆಂಟಿಮೀಟರ್ ಅಂತರ ಇರಲೇಬೇಕು. ದೊಡ್ಡ ಫ್ರೇಮಿನಲ್ಲಿ ಕೈ ಪೂರ್ತಿ ಚಾಚಿರುತ್ತದೆ, ಹ್ಯಾಂಡಲ್ ಹಿಡಿತಕ್ಕೆ ಬರುವುದಿಲ್ಲ.

ಸೀಟಿನ ಮೇಲೆ ಕುಳಿತಾಗ ಎರಡೂ ಪಾದ ನೆಲಕ್ಕೆ ಹತ್ತಬೇಕೆಂಬ ಮಾತೂ ಇಂಥದ್ದೇ. ಅಷ್ಟು ತಗ್ಗಿಸಿದರೆ ಏರಿನಲ್ಲಿ ಮೊಣಕಾಲು ನೋಯುತ್ತದೆ. ಪೆಡಲ್ ಅತಿ ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಬಾಗಿರುವಷ್ಟು ಎತ್ತರ ತುಳಿಯಲು ಸರಿ. ಇಳಿಜಾರಿನಲ್ಲಿ ಮಾತ್ರ ಸೀಟನ್ನು ತಗ್ಗಿಸಿ, ಪೆಡಲ್ ಮೇಲೆ ನಿಂತೇ ಇಳಿಯಬೇಕು. ಹ್ಯಾಂಡಲ್ಲಿನಿಂದಲೇ ಸೀಟು ಇಳಿಸುವ ಡ್ರಾಪರ್ ಇಲ್ಲದಿದ್ದರೆ ಚಿಂತೆಯಿಲ್ಲ, ಕೈಯಲ್ಲೇ ಸಡಿಲಿಸುವ ಕ್ವಿಕ್ ರಿಲೀಸ್ ಕ್ಲಾಂಪ್ ಸಾಕು.

6. "ದಪ್ಪ ಬಟನ್ ಟೈರ್ ಹಾಕಿದ್ರ ಎರಿ ರಾಡ್ಯಾಗೂ ಹೊಕ್ಕತೈತಿ"

ಸತ್ಯ: ಯಾವ ಟೈರೂ ಹಸಿ ಎರಿಯಲ್ಲಿ ಹೋಗುವುದಿಲ್ಲ. ಎರಿ ಮಣ್ಣಿನ ಜೇಡಿ ನೀರು ಕುಡಿದು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಹಿಗ್ಗಿದ ಮಣ್ಣು ಟೈರಿಗೆ ಪದರು ಪದರಾಗಿ ಹತ್ತಿ ಫ್ರೇಮಿನ ಸಂದಿಯಲ್ಲಿ ತುಂಬುತ್ತದೆ, ಗಾಲಿ ನಿಂತೇಬಿಡುತ್ತದೆ. ಅಷ್ಟಾದ ಮೇಲೂ ಒತ್ತಿ ತುಳಿದರೆ ಹಿಂದಿನ ಡಿರೇಲರ್ ತಿರುಚಿ, ಅದನ್ನು ಹಿಡಿದ ಹ್ಯಾಂಗರ್ ಮುರಿಯುತ್ತದೆ. ಮಳೆ ಬಿದ್ದ ದಿನ ಎರಿ ಹಾದಿ ಬಿಟ್ಟು ಗರಸಿನ ಮಡ್ಡಿಗೆ ಹೋಗಿ. ಅಲ್ಲಿ ನೀರು ಬೇಗ ಬಸಿಯುತ್ತದೆ. ಹಸಿ ಹಾದಿಯಲ್ಲಿ ಗಾಲಿಯ ಗೆರೆ ಬಿದ್ದರೆ ಒಣಗಿದ ಮೇಲೆ ರೈತರ ಬಂಡಿಗೂ ಕಾಲಿಗೂ ತೊಂದರೆ ಎಂಬುದೂ ನೆನಪಿರಲಿ.

ಗಟ್ಟಿ ನೆಲದ ಮೇಲೆ ಸಡಿಲ ಹರಳು ಹರಡಿರುವುದೇ ನಮ್ಮ ಮಡ್ಡಿಯ ಗುಣ. ಇದಕ್ಕೆ ನಡುವೆ ಸಣ್ಣ, ಒತ್ತೊತ್ತಾದ ಬಟನ್, ಅಂಚಿನಲ್ಲಿ ಬಲವಾದ ಬಟನ್ ಇರುವ ಟೈರು ತಕ್ಕದ್ದು. ನಡುವಿನವು ಹಗುರ ಉರುಳುತ್ತವೆ, ಅಂಚಿನವು ತಿರುವಿನಲ್ಲಿ ನೆಲ ಕಚ್ಚುತ್ತವೆ. ಎರಡರಲ್ಲಿ ಹೆಚ್ಚು ಹಿಡಿತದ ಟೈರು ಮುಂದಿರಲಿ. ಹಿಂದಿನ ಗಾಲಿ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲಕ್ಕೇ.

7. "ಚೈನಿಗೆ ಎಣ್ಣಿ ಎಷ್ಟ್ ಹಾಕಿದ್ರೂ ಕಮ್ಮಿ"

ಸತ್ಯ: ಚೈನಿಗೆ ಎಣ್ಣೆ ಬೇಕಾದದ್ದು ರೋಲರಿನ ಒಳಗೆ, ಹೊರಗಲ್ಲ. ಹೊರಗೆ ಉಳಿದ ಎಂಜಿನ್ ಆಯಿಲ್ ನಮ್ಮ ಧೂಳನ್ನು ಹಿಡಿದು ಅರೆಯುವ ಹಿಟ್ಟಾಗುತ್ತದೆ. ಅದು ಚೈನನ್ನೂ ಪಲ್ಲೆಯನ್ನೂ ತೇಯುತ್ತದೆ. ಚಿಮಣಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಚೈನ್ ಒರೆಸಿ, ಒಣಗಿಸಿ, ಒಂದೊಂದು ರೋಲರಿಗೆ ಒಂದೊಂದೇ ಹನಿ ಒಣ ಹವೆಯ ಚೈನ್ ಎಣ್ಣೆ ಬಿಡಿ. ಹತ್ತು ನಿಮಿಷದ ಮೇಲೆ ಹೊರಗಿನದನ್ನೆಲ್ಲ ಒರೆಸಿ ತೆಗೆಯಿರಿ. ಡಿಸ್ಕಿಗೆ ಒಂದು ಹನಿಯೂ ಸಿಡಿಯಬಾರದು. ಸಿಡಿದರೆ ಬ್ರೇಕ್ ಹಿಡಿಯುವುದಿಲ್ಲ.

ಚೈನ್ ಸವೆದಿದೆಯೇ ಎಂದು ಸ್ಕೇಲಿನಲ್ಲೇ ಅಳೆಯಬಹುದು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಆದ್ದರಿಂದ 24 ಅಂತರಕ್ಕೆ ಸರಿಯಾಗಿ 12 ಇಂಚು. ಅದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಗಿದ್ದರೆ ಚೈನ್ ಬದಲಿಸುವ ಹೊತ್ತು ಬಂತು. ತಡಮಾಡಿದರೆ ಕ್ಯಾಸೆಟ್ಟನ್ನೂ ಬದಲಿಸಬೇಕಾಗುತ್ತದೆ. ಅದರ ಬೆಲೆ ಚೈನಿಗಿಂತ ಎಷ್ಟೋ ಪಟ್ಟು.

ದುಡ್ಡು ಮೊದಲು ಎಲ್ಲಿಗೆ?

ಸರಿಯಾದ ಅಳತೆಯ ಫ್ರೇಮಿಗೆ ಮೊದಲ ಜಾಗ, ಏಕೆಂದರೆ ಮುಂದೆ ಬದಲಿಸಲಾಗದ್ದು ಅದೊಂದೇ. ಅದರ ಜೊತೆಗೇ ಸೈಕ್ಲಿಂಗ್ ಹೆಲ್ಮೆಟ್, ಅದನ್ನು ಬಿಟ್ಟು ಲೆಕ್ಕವೇ ಬೇಡ. ಆಮೇಲೆ ಟೈರು ಮತ್ತು ಸೀಲಂಟ್, ನಂತರ ಬ್ರೇಕು, ಆಮೇಲೆ ಕ್ಯಾಸೆಟ್ ಹಬ್ ಇರುವ ಗಾಲಿ. ಶಾಕಪ್ಪಿನ ದರ್ಜೆ, ಗೇರಿನ ಸಂಖ್ಯೆ ಇವೆಲ್ಲದರ ನಂತರ. ಅಂಗಡಿಯಲ್ಲಿ ಸಾಮಾನ್ಯವಾಗಿ ಇದೇ ಕೊನೆಯ ಎರಡನ್ನು ಮೊದಲು ತೋರಿಸುತ್ತಾರೆ.

ದ್ರಾಕ್ಷಿ ಮಾರಿದ ದುಡ್ಡಿನಲ್ಲಿ ಮಗನಿಗೋ ಮಗಳಿಗೋ ಸೈಕಲ್ ಕೊಡಿಸಲು ವಿಜಯಪುರಕ್ಕೆ ಹೊರಟ ಹಿರಿಯರಲ್ಲಿ ಒಂದು ಕೋರಿಕೆ: ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ, ಸೈಕಲ್ ಮೇಲೆ ಕೂರಿಸಿ ನೋಡಿ, ಯಾವ ಹಾದಿಯಲ್ಲಿ ಓಡಿಸುತ್ತಾರೆಂದು ಅಂಗಡಿಯವರಿಗೆ ಬಿಡಿಸಿ ಹೇಳಿ. ಹಾದಿಗೆ ತಕ್ಕ, ಮೈಗೆ ತಕ್ಕ ಸೈಕಲ್ ಸಿಕ್ಕರೆ ರಸ್ತೆಯಲ್ಲಿ ಹೆಸರು ಮಾಡಿದ ಈ ಜಿಲ್ಲೆಯ ಮಕ್ಕಳು ಮಡ್ಡಿಯಲ್ಲೂ ಹೆಸರು ಮಾಡುತ್ತಾರೆ.