ವೈದ್ಯರಿಗೂ ಊಟದ ಲೆಕ್ಕ ತಪ್ಪಿದ್ದೇಕೆ?

2020ರಲ್ಲಿ ಕೋವಿಡ್ ವಾರ್ಡುಗಳಲ್ಲಿ ಹಗಲು ರಾತ್ರಿ ದುಡಿದ ಕಿರಿಯ ವೈದ್ಯರ ಊಟ ಹೇಗಿತ್ತು ಗೊತ್ತಾ ಮಕ್ಕಳೇ? ಪಿಪಿಇ ಕಿಟ್ ನಡುವೆ ಕಳಚಿದರೆ ಸೋಂಕಿನ ಭಯ; ಕಿಟ್‌ಗಳಿಗೂ ಕೊರತೆ. ಹಾಗಾಗಿ ಎಷ್ಟೋ ಸಲ 6–8 ಗಂಟೆ ಊಟವಿಲ್ಲ, ನೀರಿಲ್ಲ. ಆಮೇಲೆ ಕೆಲವರು ಸಿಕ್ಕಿದ್ದನ್ನೆಲ್ಲ ಹೊಟ್ಟೆ ಬಿರಿಯುವಷ್ಟು ತಿನ್ನೋರು. ಕೆಲವರಿಗೆ ಊಟವೇ ಸೇರ್ತಿರಲಿಲ್ಲ.

ಇದನ್ನು ಬಾಯಿಚಪಲ ಅನ್ನಬೇಡಿ. ಹೊಟ್ಟೆ ಖಾಲಿಯಾದಾಗ ಜಠರದಿಂದ ಗ್ರೆಲಿನ್ ಎಂಬ ಹಾರ್ಮೋನು ಹೊರಟು ಮೆದುಳಿಗೆ ‘ತಿನ್ನು’ ಅನ್ನುತ್ತದೆ. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ‘ಸಾಕು’ ಅನ್ನುತ್ತದೆ. ನಿದ್ದೆಗೆಟ್ಟರೆ ಗ್ರೆಲಿನ್ ಏರಿ ಲೆಪ್ಟಿನ್ ಇಳಿಯಬಹುದು. ಒತ್ತಡ ಬಹಳ ದಿನ ಇದ್ದರೆ ಕಾರ್ಟಿಸಾಲ್ ಹೆಚ್ಚಿ, ಸಿಹಿ ಮತ್ತು ಕರಿದ ತಿಂಡಿಯ ಆಸೆ ಕೆರಳಬಹುದು. ಹಸಿವು, ನಿದ್ದೆಗೇಡು, ಒತ್ತಡ ಮೂರೂ ಸೇರಿದರೆ ಪೌಷ್ಟಿಕತೆ ಓದಿದವರಿಗೂ ಹಿಡಿತ ತಪ್ಪುತ್ತದೆ.

ಪರೀಕ್ಷೆ ಹೊತ್ತಿಗೆ ನಿಮಗೂ ಹೀಗಾಗಬಹುದು. ಹೊತ್ತಿಗೆ ಸರಿಯಾಗಿ ಉಣ್ಣಿ, ನಿದ್ದೆ ಬಿಡಬೇಡಿ. ಊಟವೆಂದರೆ ಭಯ, ಕದ್ದು ತಿನ್ನೋದು, ತಿಂದ ಮೇಲೆ ನಾಚಿಕೆ ಇವು ವಾರಗಟ್ಟಲೆ ಉಳಿದರೆ ಅಮ್ಮನಿಗೋ ಟೀಚರಿಗೋ ಹೇಳಿ, ವೈದ್ಯರನ್ನು ಕಾಣಿ. ಇದಕ್ಕೆ ಚಿಕಿತ್ಸೆ ಇದೆ.