ಕಲೆ ಯಾರದು? ಕಲೆ ಯಾವುದರದು?

ವಿದ್ಯಾರ್ಥಿಗಳೇ, ಒಂದು ಅಂಗಿಯ ಮೇಲೆ ಕಲೆ ಇದೆ ಅಂದುಕೊಳ್ಳಿ. ಪೊಲೀಸರು ಅದನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಇದು ಯಾರದು? ಇದು ಏನು: ರಕ್ತವೋ, ಎಂಜಲೋ?

ಮೊದಲ ಪ್ರಶ್ನೆಗೆ ಡಿಎನ್‌ಎ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಕೊಡಲಾರದು. ಯಾಕೆ ಗೊತ್ತಾ? ನಿಮ್ಮ ಬಿಳಿ ರಕ್ತಕಣದಲ್ಲೂ ಬಾಯಿಯ ಒಳಪದರದ ಜೀವಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಆದರೆ ಮಾತಾಡುವಾಗ ಸಿಡಿದ ಎಂಜಲಿಗೂ ಹೊಡೆದಾಟದಲ್ಲಿ ಚಿಮ್ಮಿದ ರಕ್ತಕ್ಕೂ ಎಷ್ಟು ವ್ಯತ್ಯಾಸ! ಇಲ್ಲಿ ತಪ್ಪಿದರೆ ನಿರಪರಾಧಿ ಜೈಲಿಗೆ ಹೋಗಬಹುದು.

ಹಳೆಯ ದಾರಿ

ಕಲೆಗಳ ಪರೀಕ್ಷೆ ನಮ್ಮ ರಾಜ್ಯಕ್ಕೆ ಹೊಸದಲ್ಲ. 1849ರಲ್ಲೇ ಮದರಾಸಿನಲ್ಲಿ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ ಶುರುವಾಯಿತು. ಭಾರತದಲ್ಲಿ ಅಂಥದ್ದು ಅದೇ ಮೊದಲು. ಹೊಸೂರಿನಿಂದ ಬೆಂಗಳೂರಿಗೆ ಹೋಗುವಾಗ ಸಿಗುವ ಮಡಿವಾಳದಲ್ಲಿ ಕರ್ನಾಟಕದ ವಿಧಿವಿಜ್ಞಾನ ಪ್ರಯೋಗಾಲಯವಿದೆ.

ರಕ್ತವನ್ನು ಗುರುತಿಸಲು ಫಿನಾಲ್ಫ್ತಲೀನ್‌ನಿಂದ ತಯಾರಿಸಿದ ದ್ರಾವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬಳಸುತ್ತಾರೆ. ರಕ್ತವಿದ್ದರೆ ಗುಲಾಬಿ ಬಣ್ಣ ಬರುತ್ತದೆ. ತೊಂದರೆ ಏನೆಂದರೆ, ಕೆಲವು ತರಕಾರಿಗಳ ರಸಕ್ಕೂ ಆ ಬಣ್ಣ ಬರಬಹುದು.

ಆರ್‌ಎನ್‌ಎ ಹೇಳುವ ಸಾಕ್ಷಿ

ಹೊಸೂರಿನ ಸಿಪ್ಕಾಟ್‌ನ ಒಂದು ಕಾರ್ಖಾನೆಯನ್ನು ನೆನೆಯಿರಿ. ಎಲ್ಲ ಭಾಗಗಳ ನಕ್ಷೆಗಳೂ ಕಚೇರಿಯಲ್ಲಿರುತ್ತವೆ. ಆದರೆ ಗೇರ್ ಮಾಡುವ ವಿಭಾಗಕ್ಕೆ ಗೇರಿನ ನಕ್ಷೆಯ ಪ್ರತಿ ಮಾತ್ರ ಹೋಗುತ್ತದೆ. ಆ ಪ್ರತಿ ಸಿಕ್ಕರೆ ಅದು ಯಾವ ವಿಭಾಗದ್ದೆಂದು ಹೇಳಬಹುದಲ್ವಾ? ಇಲ್ಲಿ ಡಿಎನ್‌ಎ ಎಂದರೆ ಕಚೇರಿಯ ನಕ್ಷೆಗಳ ಕಟ್ಟು. ಸಂದೇಶವಾಹಕ ಆರ್‌ಎನ್‌ಎ ಎಂದರೆ ವಿಭಾಗಕ್ಕೆ ಹೋದ ಪ್ರತಿ.

ರಕ್ತದಲ್ಲಿ ಹಿಮೋಗ್ಲೋಬಿನ್ ತಯಾರಿಸುವ ಆರ್‌ಎನ್‌ಎ ಹೇರಳ. ಎಂಜಲಿನಲ್ಲಿ ಸ್ಟ್ಯಾಥೆರಿನ್ ಎಂಬ ಪ್ರೋಟೀನಿನ ಆರ್‌ಎನ್‌ಎ ಸಿಗುತ್ತದೆ. ಈ ಪ್ರೋಟೀನ್ ಹಲ್ಲಿನ ಹೊರಪದರವನ್ನು ಕಾಪಾಡಲು ನೆರವಾಗುತ್ತದೆ. ಗಾಯದ ರಕ್ತವನ್ನೂ ಮುಟ್ಟಿನ ರಕ್ತವನ್ನೂ ಬೇರೆಬೇರೆಯಾಗಿ ಗುರುತಿಸಲು ಸಹ ಆರ್‌ಎನ್‌ಎ ಗುರುತುಗಳಿವೆ.

ಕಲೆಯಿಂದ ಆರ್‌ಎನ್‌ಎ ತೆಗೆದು, ಕಿಣ್ವವೊಂದರಿಂದ ಅದನ್ನು ಡಿಎನ್‌ಎ ರೂಪಕ್ಕೆ ನಕಲು ಮಾಡುತ್ತಾರೆ. ಆಮೇಲೆ ಪಿಸಿಆರ್ ವಿಧಾನದಿಂದ ಅದರ ಪ್ರತಿಗಳನ್ನು ಹೆಚ್ಚಿಸಿ ಯಾವ ಗುರುತು ಇದೆ ಎಂದು ನೋಡುತ್ತಾರೆ. 2003ರಲ್ಲಿ ಅಮೆರಿಕದ ಜುಸೋಲಾ ಮತ್ತು ಬ್ಯಾಲಂಟೈನ್ ಈ ವಿಧಾನದ ಮಾದರಿಯನ್ನು ಪ್ರಕಟಿಸಿದರು.

ಆರ್‌ಎನ್‌ಎ ಬೇಗ ಹಾಳಾಗುತ್ತದೆ. ಆದರೆ ಒಣಗಿದ ಕಲೆಯಲ್ಲಿ ಬಹುಕಾಲ ಉಳಿಯಬಲ್ಲದು. ಚೆನ್ನಾಗಿ ಒಣಗಿದ ಸಂಡಿಗೆ ವರ್ಷವಿಡೀ ಇರುತ್ತೆ, ತೇವ ತಾಗಿದರೆ ಬೂಷ್ಟು ಹಿಡಿಯುತ್ತೆ, ಹಾಗೆಯೇ. ಅದಕ್ಕೇ ಇಂಥ ಬಟ್ಟೆಯನ್ನು ಒಣಗಿಸಿ ಪ್ಲಾಸ್ಟಿಕ್‌ನಲ್ಲಿ ಅಲ್ಲ, ಕಾಗದದ ಚೀಲದಲ್ಲಿ ಇಡುತ್ತಾರೆ.

ಎಚ್ಚರಿಕೆ

ಒಂದು ಕಲೆಯಲ್ಲಿ ಇಬ್ಬರ ಡಿಎನ್‌ಎ ಇದೆ, ರಕ್ತವೂ ಎಂಜಲೂ ಇವೆ ಅನ್ನಿ. ರಕ್ತ ಯಾರದು, ಎಂಜಲು ಯಾರದು? ಇಷ್ಟರಿಂದಲೇ ಹೇಳಲಾಗದು. ಹೇಳಲಾಗದ್ದನ್ನು ನ್ಯಾಯಾಲಯದಲ್ಲಿ ಹೇಳದಿರುವುದೂ ವಿಜ್ಞಾನಿಯ ಕರ್ತವ್ಯ.

ಮಾಡಿ ನೋಡಿ

ಮೂರು ಲೋಟಗಳಲ್ಲಿ ತಣ್ಣಗಾದ ತೆಳು ಅನ್ನದ ಗಂಜಿ ಹಾಕಿ. ಒಂದಕ್ಕೆ ನಿಮ್ಮ ಎಂಜಲು, ಇನ್ನೊಂದಕ್ಕೆ ಮೊಳಕೆ ರಾಗಿ ಅರೆದು ಸೋಸಿದ ನೀರು, ಮೂರನೆಯದಕ್ಕೆ ಬರೀ ನೀರು ಬೆರೆಸಿ. ಅರ್ಧ ಗಂಟೆ ಬಿಟ್ಟು ಎಲ್ಲಕ್ಕೂ ಒಂದೊಂದು ಹನಿ ಅಯೋಡಿನ್ ಹಾಕಿ. ಯಾವುದರಲ್ಲಿ ನೀಲಿ ಮಸುಕಾಗಿದೆ? ಹಾಗಾದರೆ, ನೀಲಿ ಮಸುಕಾದದ್ದೆಲ್ಲ ಎಂಜಲೇ ಎನ್ನಬಹುದೇ? ತರಗತಿಯಲ್ಲಿ ಚರ್ಚಿಸಿ.