ಕೊರೊನಾ ಕಾಲದ ಕುಶಾಲು: ನಾವು ನಕ್ಕಿದ್ದು ಯಾರನ್ನು?

2020ರ ಮಾರ್ಚ್ ತಿಂಗಳು. ಎಲ್ಲರ ಮೊಬೈಲಿನಲ್ಲೂ ಒಂದು ವೀಡಿಯೊ ಓಡಾಡುತ್ತಿತ್ತು. ಮುಖಕ್ಕೆ ಮಾಸ್ಕ್ ಹಾಕಿಕೊಂಡ ಕೇರಳದ ಪೊಲೀಸರು ಸಾಲಾಗಿ ನಿಂತು ಕುಣಿಯುತ್ತಾ ಕೈ ತೊಳೆಯುವ ಕ್ರಮ ತೋರಿಸುತ್ತಿದ್ದರು. ಹಿನ್ನೆಲೆಯಲ್ಲಿ ಅಟ್ಟಪ್ಪಾಡಿಯ ನಂಜಿಯಮ್ಮ ಇರುಳ ಭಾಷೆಯಲ್ಲಿ ಹಾಡಿದ, ‘ಅಯ್ಯಪ್ಪನುಂ ಕೋಶಿಯುಂ’ ಸಿನೆಮಾದ ಹಾಡಿನ ಧಾಟಿ. ಲಾಠಿ ಹಿಡಿಯುವ ಕೈಯಲ್ಲಿ ಸೋಪಿನ ಪಾಠ! ನೋಡಿದವರೆಲ್ಲ ನಕ್ಕರು, ನಗುತ್ತಲೇ ಕಲಿತರು.

ಇಂಥದ್ದು ಕೇರಳದಲ್ಲೇ ಮೊದಲಲ್ಲ. ಫೆಬ್ರವರಿಯಲ್ಲೇ ವಿಯೆಟ್ನಾಂನ ಆರೋಗ್ಯ ಇಲಾಖೆಯವರು ಅಲ್ಲಿನ ಜನಪ್ರಿಯ ಪ್ರೇಮಗೀತೆಯೊಂದರ ಸಾಹಿತ್ಯ ಬದಲಿಸಿ, ವೈರಸ್ಸನ್ನು ತಮಾಷೆ ಮಾಡುವ ಹಾಡು ಹೊರತಂದಿದ್ದರು. ಕ್ವಾಂಗ್ ಡಾಂಗ್ ಎಂಬ ನೃತ್ಯಗಾರ ಅದಕ್ಕೆ ಕೈ ತೊಳೆಯುವ ಚಲನೆಗಳನ್ನೇ ಹೆಜ್ಜೆಯಾಗಿ ಜೋಡಿಸಿ ಟಿಕ್‌ಟಾಕ್‌ಗೆ ಹಾಕಿದ. ಅದು ದೇಶ ದೇಶ ದಾಟಿತು.

ಇದೆಲ್ಲ ಯಾಕೆ ಕೆಲಸ ಮಾಡುತ್ತದೆ? ಕಾರಣ ಸರಳ ಉಂಟು. ಹೆದರಿದ ಮನಸ್ಸಿಗೆ ಉಪದೇಶ ನಾಟುವುದಿಲ್ಲ. ‘ಮಾಡಲೇಬೇಕು’ ಎಂದಾಗ ಕಿವಿ ಮುಚ್ಚಿಕೊಳ್ಳುವವನು ಹಾಡು ಕೇಳಿದರೆ ತಿರುಗಿ ನೋಡುತ್ತಾನೆ. ಇಪ್ಪತ್ತು ಸೆಕೆಂಡ್ ಕೈ ತೊಳೆಯಿರಿ ಎಂದರೆ ಯಾರೂ ಗಡಿಯಾರ ನೋಡುವುದಿಲ್ಲ, ಆದರೆ ಒಂದು ಪಲ್ಲವಿ ಮುಗಿಯುವವರೆಗೆ ಉಜ್ಜಿ ಎಂದರೆ ಮಕ್ಕಳಿಗೂ ಗೊತ್ತಾಗುತ್ತದೆ. ಇನ್ನೊಂದು ಸಂಗತಿ: ಆ ಪೊಲೀಸರು ಯಾರನ್ನೂ ಗೇಲಿ ಮಾಡಲಿಲ್ಲ, ತಮ್ಮ ಗತ್ತನ್ನೇ ಸ್ವಲ್ಪ ಬದಿಗಿಟ್ಟು ಕುಣಿದರು.

ಹಾಗೆಂದು ಬರೀ ನಗುವಿನಿಂದ ರೋಗ ಹೋಗುವುದಿಲ್ಲ. ಕೇರಳದ ‘ಬ್ರೇಕ್ ದಿ ಚೈನ್’ ಅಭಿಯಾನದಲ್ಲಿ ವೀಡಿಯೊಗಳ ಜೊತೆಗೆ ಬಸ್ ಸ್ಟ್ಯಾಂಡ್‌ಗಳಲ್ಲಿ, ಕಚೇರಿಗಳ ಬಾಗಿಲಲ್ಲಿ ನಲ್ಲಿಯೂ ಸೋಪೂ ಬಂದವು. ನಕ್ಕು ಕಲಿತವನಿಗೆ ಕೈ ತೊಳೆಯಲು ನೀರೂ ಸಿಗಬೇಕಲ್ಲ!

ಆದರೆ ಅದೇ ದಿನಗಳಲ್ಲಿ ಇನ್ನೊಂದು ಬಗೆಯ ‘ಹಾಸ್ಯ’ವೂ ಹರಿದಾಡಿತು. ಆರಂಭದ ವಾರಗಳಲ್ಲಿ ಕೇರಳದಲ್ಲೇ ಹೆಚ್ಚು ರೋಗಿಗಳಿದ್ದ ಜಿಲ್ಲೆಗಳಲ್ಲಿ ಕಾಸರಗೋಡು ಒಂದು. ಅವರಲ್ಲಿ ಹಲವರು ಗಲ್ಫ್‌ನಿಂದ ಬಂದವರು. ನಿನ್ನೆಯವರೆಗೆ ಊರೇ ಕಾಯುತ್ತಿದ್ದ ಗಲ್ಫಿನವರು ಒಮ್ಮೆಲೇ ಸಂಶಯದ ಕಣ್ಣಿಗೆ ಬಿದ್ದರು. ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವ ತಲಪಾಡಿ ಗಡಿಯೂ ಮುಚ್ಚಿತ್ತು. ಮಾರ್ಚ್ ಕೊನೆಗೆ ದಿಲ್ಲಿಯ ತಬ್ಲೀಗ್ ಕೇಂದ್ರದಲ್ಲಿ ಸೋಂಕು ಕಂಡದ್ದೇ ತಡ, ‘ಕೊರೊನಾ ಜಿಹಾದ್’ ಎಂಬ ಹೆಸರಿನಲ್ಲಿ ವ್ಯಂಗ್ಯಚಿತ್ರಗಳು, ಮೀಮ್‌ಗಳು, ಸುಳ್ಳು ವೀಡಿಯೊಗಳು ಸುರಿದವು. ಇಡೀ ಸಮುದಾಯವನ್ನೇ ರೋಗವೆಂಬಂತೆ ಚಿತ್ರಿಸಲಾಯಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 29 ವಿದೇಶಿ ತಬ್ಲೀಗರ ಮೇಲಿನ ಎಫ್‌ಐಆರ್‌ಗಳನ್ನು ರದ್ದು ಮಾಡಿ, ಇವರನ್ನು ಬಲಿಪಶು ಮಾಡಿದಂತೆ ಕಾಣುತ್ತದೆ ಎಂದು ಹೇಳಿತು. ಅಷ್ಟರಲ್ಲಿ ಮೀಮ್ ಮಾಡಬೇಕಾದ ಗಾಯ ಮಾಡಿಯಾಗಿತ್ತು.

ಇಲ್ಲಿ ವೈದ್ಯಕೀಯ ನಷ್ಟವೂ ಉಂಟು. ರೋಗಿಯನ್ನು ನಗೆಪಾಟಲು ಮಾಡಿದರೆ ಮುಂದಿನ ರೋಗಿ ಜ್ವರವನ್ನು ಮುಚ್ಚಿಡುತ್ತಾನೆ. ಪರೀಕ್ಷೆಗೆ ಹೋಗಲು ಹಿಂಜರಿಯುತ್ತಾನೆ. ಕೊನೆಗೆ ಅದು ತಟ್ಟುವುದು ಅವನ ಮನೆಯ ವಯಸ್ಸಾದವರಿಗೆ. ಕೈ ತೊಳೆಯುವ ಹಾಡು ಸೋಂಕಿನ ಸರಪಳಿ ಕಡಿಯಲು ನೋಡಿದರೆ, ರೋಗಿಯ ಮೇಲಿನ ಜೋಕು ಅದೇ ಸರಪಳಿಗೆ ಕೊಂಡಿ ಸೇರಿಸುತ್ತದೆ.

ಇಂದು ರೀಲ್ಸ್ ಮಾಡುವ, ವ್ಯಂಗ್ಯಚಿತ್ರ ಬಿಡಿಸುವ, ಬ್ಯಾರಿ, ತುಳು, ಕನ್ನಡದಲ್ಲಿ ಕಾಮಿಡಿ ಸ್ಕಿಟ್ ಆಡುವ ಯುವಕ ಯುವತಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಡೆಂಗಿ, ಮಾದಕ ದ್ರವ್ಯ, ವರದಕ್ಷಿಣೆ, ಹೀಗೆ ವಿಷಯಗಳಿಗೂ ಬರ ಇಲ್ಲ. ಪೋಸ್ಟ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು: ಇದರಲ್ಲಿ ಹೇಳಿದ್ದು ಸತ್ಯವೇ? ನೋಡಿದವನಿಗೆ ಮಾಡಲು ಒಂದು ಕೆಲಸ ಸಿಗುತ್ತದೆಯೇ? ಈ ಕಷ್ಟದಲ್ಲಿ ಈಗಾಗಲೇ ಬಿದ್ದಿರುವವನು ಇದನ್ನು ನೋಡಿದರೆ ನಗುತ್ತಾನೆಯೇ, ತಲೆ ತಗ್ಗಿಸುತ್ತಾನೆಯೇ?

ಮೂರನೆಯದಕ್ಕೆ ಉತ್ತರ ಸಿಗುವವರೆಗೆ ಬೆರಳು ‘ಶೇರ್’ ಬಟನ್‌ನಿಂದ ದೂರವೇ ಇರಲಿ.